ಹರಾಜಿಗಿಟ್ಟ ಟೈಪ್‌ರೈಟರುಗಳು

ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಮುಚ್ಚುವುದೆಂದು ತೀರ್ಮಾನವಾದಾಗ ಅಲ್ಲಿ ಹನ್ನೆರಡು ಯಂತ್ರಗಳಿದ್ದವು. ಒಂಬತ್ತು ಇಂಗ್ಲಿಷಿನವು, ಎರಡು ಕನ್ನಡದವು, ಮತ್ತೆ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಕೂರುವ ಒಂದು ಚಿಕ್ಕ ಪೋರ್ಟಬಲ್. ದಾವಣಗೆರೆಯ ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ, ಕಾಳಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ತಂದೆ ಶುರು ಮಾಡಿದ ಕ್ಲಾಸು ಅದು. ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ನಾನು ನಡೆಸಿದೆ. ಬೆಳಗ್ಗೆ ಆರಕ್ಕೆ ಮೊದಲ ಬ್ಯಾಚು, ರಾತ್ರಿ ಎಂಟಕ್ಕೆ ಕೊನೆಯದು. ಒಂದು ಕಾಲದಲ್ಲಿ ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಕಟ್ಟುವವರು ಯಂತ್ರ ಸಿಗದೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯ ಹೊತ್ತಿಗೆ ಊರಿನಲ್ಲಿ ಕಂಪ್ಯೂಟರ್ ಕ್ಲಾಸುಗಳು ಬೀದಿಗೊಂದಾಗಿದ್ದವು. ಒಂದು ದಿನ ಆರರ ಬ್ಯಾಚಿಗೆ ಇಬ್ಬರೇ ಬಂದರು. ಅವರಲ್ಲಿ ಒಬ್ಬಳು ನಾಳೆಯಿಂದ ಬರುವುದಿಲ್ಲ ಎಂದು ಹೇಳಿಹೋಗಲು ಬಂದವಳು. ಉಳಿದವಳೊಬ್ಬಳು ಹನ್ನೆರಡು ಯಂತ್ರಗಳ ನಡುವೆ ಕೂತು ಟಕ ಟಕ ಎನ್ನಿಸುತ್ತಿದ್ದುದನ್ನು ಕೇಳುತ್ತಾ ನನಗೆ ಇನ್ನು ಸಾಕು ಅನಿಸಿತು. ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಈ ಮಾತನ್ನು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಆ ದಿನ ನಾನೇ ಹೇಳಿದಾಗ ಮಾತ್ರ ಕೈತೊಳೆದು ಊಟಕ್ಕೆ ಕೂತರು.

ಯಂತ್ರಗಳನ್ನು ನೋಡಲು ಮೊದಲು ಬಂದವನು ಗುಜರಿಯವನು. ಒಂದು ಯಂತ್ರವನ್ನು ಎತ್ತಿ ತನ್ನ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿಯೇ ಬಿಟ್ಟ. ಅದು ಗಾಳಿಯಲ್ಲಿ ಮೆಲ್ಲಗೆ ತಿರುಗಿತು. ಹಾಳೆ ಹಿಡಿದು ಅಕ್ಷರಕ್ಕೊಮ್ಮೆ ಸರಿಯುವ ಕ್ಯಾರೇಜು ತಾನಾಗಿ ಜಾರಿ, ಸಾಲಿನ ಕೊನೆಯಲ್ಲಿ ಬಾರಿಸುವ ಆ ಪುಟ್ಟ ಗಂಟೆ ಒಮ್ಮೆ ಟಿಂಗ್ ಎಂದಿತು. ರೋಲರಿನ ರಬ್ಬರಿನ ತೂಕ ಕಳೆಯಬೇಕಾಗುತ್ತದೆ ಅಕ್ಕಾರೆ, ಎಂದ ಅವನು. ಕೆಳಗಿಳಿಸಪ್ಪ ಎಂದು ಹೇಳಿ ಅವನನ್ನು ಕಳಿಸಿಬಿಟ್ಟೆ.

ಇಂಟರ್‌ನೆಟ್ಟಿನಲ್ಲಿ ಹಳೆಯ ಸಾಮಾನು ಹರಾಜು ಹಾಕಬಹುದು ಎಂದು ಹೇಳಿದವನು ನಮ್ಮಲ್ಲೇ ಕಲಿತವನೊಬ್ಬ. ಸೀನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಕೊನೆಗೆ ಹೈಸ್ಕೂಲ್ ಮೈದಾನದ ಹತ್ತಿರ ನಾಲ್ಕು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದಿದ್ದ. ಹಳೆಯ ಟೈಪ್‌ರೈಟರುಗಳನ್ನು ಇಷ್ಟಪಟ್ಟು ಕೂಡಿಡುವ ಜನ ದೇಶದಲ್ಲಿ ಎಷ್ಟೋ ಇದ್ದಾರೆ, ನೀವು ಗುಜರಿಗೆ ಹಾಕಬೇಡಿ ಎಂದ. ನಾನು ನಂಬಿದೆ. ನಂಬಬೇಕೆಂದೇ ಇದ್ದೆ ಅನ್ನಬಹುದು.

ಆದರೆ ಹರಾಜಿಗೆ ಹಾಕುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಮೊದಲು ಫೋಟೋ ಬೇಕು. ಸ್ಟುಡಿಯೋದವನನ್ನು ಮಹಡಿಗೆ ಕರೆಸಿ, ಪ್ರತಿ ಯಂತ್ರದ ಹಿಂದೆ ಬಿಳಿ ಪಂಚೆ ಕಟ್ಟಿ ತೆಗೆಸಿದೆವು. ರೀಲು ತೊಳೆದು ಬರಲು ನಾಲ್ಕು ದಿನ. ಅವನ್ನು ಇನ್ನೊಂದು ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಫ್ಲಾಪಿಯಲ್ಲಿ ತುಂಬಿಸಿಕೊಂಡು ಕೆಫೆಗೆ ಹೋದರೆ ಫ್ಲಾಪಿ ತೆರೆಯಲಿಲ್ಲ. ಎರಡನೇ ಸಲ ತೆರೆದುಕೊಂಡಿತು, ಆದರೆ ಒಂದು ಚಿತ್ರ ಮೇಲೇರಲು ಅರ್ಧ ಗಂಟೆ ಹಿಡಿಯಿತು. ನಡುವೆ ಫೋನಿನ ಲೈನು ಕಡಿದರೆ ಮತ್ತೆ ಮೊದಲಿನಿಂದ. ಮಾರುವವರ ಊರು ಯಾವುದು ಎಂದು ಕೇಳುವ ಕಡೆ ಒಂದು ಪಟ್ಟಿ ಇತ್ತು. ಅದರಲ್ಲಿ ದೊಡ್ಡ ದೊಡ್ಡ ನಗರಗಳಷ್ಟೇ ಇದ್ದವು, ದಾವಣಗೆರೆ ಇರಲಿಲ್ಲ. ಬೆಂಗಳೂರು ಎಂದು ಒತ್ತಿ ಮೇಡಂ, ಹತ್ತಿರದ್ದು ಅದೇ ಎಂದ ಕೆಫೆಯವನು. ಒತ್ತಿದೆ.

ಮೊದಲು ಇಟ್ಟದ್ದು ಪೋರ್ಟಬಲ್. ಎರಡು ದಿನ ಯಾರೂ ಅದರ ಕಡೆ ತಿರುಗಲಿಲ್ಲ. ಮೂರನೇ ದಿನದಿಂದ ಇಬ್ಬರು ಪೈಪೋಟಿಗೆ ಬಿದ್ದರು. ಅವರಿಗೆ ಹೆಸರುಗಳಿರಲಿಲ್ಲ, ಅಂಕಿ ಸೇರಿಸಿದ ಅಡ್ಡಹೆಸರುಗಳಷ್ಟೇ. ಒಬ್ಬ ನೂರು ಏರಿಸಿದರೆ ಇನ್ನೊಬ್ಬ ಇನ್ನೂರು ಏರಿಸುತ್ತಿದ್ದ. ಹರಾಜು ಮುಗಿಯುವುದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ನಾನು ಹತ್ತೂವರೆಗೇ ಹೋಗಿ ಪರದೆಯ ಮುಂದೆ ಕೂತೆ. ಹತ್ತು ನಿಮಿಷ ಬಾಕಿ ಇರುವಾಗ ಕರೆಂಟು ಹೋಯಿತು. ಕೆಫೆಯವನೂ ನಾನೂ ಬಾಗಿಲಲ್ಲಿ ನಿಂತು ಎದುರಿನ ಕಬ್ಬಿನ ಹಾಲಿನ ಗಾಡಿ ನೋಡುತ್ತಾ ಹನ್ನೊಂದು ದಾಟಿಸಿದೆವು. ಕರೆಂಟು ಬಂದಾಗ ನೋಡಿದರೆ ನಾನು ಅಂದುಕೊಂಡದ್ದರ ಮೂರರಷ್ಟು ಬೆಲೆಗೆ ಹರಾಜು ಮುಗಿದಿತ್ತು. ಆ ಸಂಜೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಮನೆಗೆ ಹೋದೆ. ಗಂಡನಿಗೂ ಅತ್ತೆಗೂ ಕಾರಣ ಹೇಳಿದೆ.

ಗೆದ್ದವನಿಂದ ಒಂದು ಸಾಲೂ ಬರಲಿಲ್ಲ. ಮೂರು ಪತ್ರ ಬರೆದೆ, ಉತ್ತರವಿಲ್ಲ. ಹರಾಜಿನ ಕಂಪನಿಗೆ ಬರೆದರೆ, ಕೊಳ್ಳುವವರು ಮಾರುವವರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಬೇಕು ಎಂಬ ಅಚ್ಚು ಹಾಕಿದಂಥ ಉತ್ತರ ಬಂತು. ಎರಡನೆಯವನಿಗೆ ಬರೆದೆ. ಅವನು ಅಷ್ಟರಲ್ಲಿ ಬೇರೊಂದನ್ನು ಕೊಂಡಿದ್ದ. ಮತ್ತೆ ಹರಾಜಿಗೆ ಇಟ್ಟೆ. ಈ ಸಲ ಬಿಡ್ಡು ಮಾಡಿದವನು ಒಬ್ಬನೇ, ನಾನು ಹಾಕಿದ್ದ ಕನಿಷ್ಠ ಬೆಲೆಗೇ ತೆಗೆದುಕೊಂಡ. ಮನೆಯಲ್ಲಿ ಯಾರೂ ದೋಸೆಯ ಮಾತೆತ್ತಲಿಲ್ಲ.

ಎರಡನೆಯದು ಇಂಗ್ಲಿಷಿನ ದೊಡ್ಡ ಯಂತ್ರ. ಅದಕ್ಕೆ ಆಸೆಪಟ್ಟವನು ಮಹಾರಾಷ್ಟ್ರದ ಕಡೆಯ ಒಬ್ಬ ಸಂಗ್ರಾಹಕ. ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ರೋಲರು ಗಟ್ಟಿಯಾಗಿದೆಯೇ, ಗಂಟೆ ಬಾರಿಸುತ್ತದೆಯೇ, ಎಲ್ಲ ಅಕ್ಷರಗಳನ್ನೂ ಒಂದು ಹಾಳೆಯಲ್ಲಿ ಹೊಡೆದು ಕಳಿಸಬಹುದೇ. ಹೊಡೆದು, ಸ್ಕ್ಯಾನ್ ಮಾಡಿಸಿ ಕಳಿಸಿದೆ. ಒಂದು ಅಕ್ಷರ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ ಎಂದು ಬರೆದ. ಅದು ನಿಜವಾಗಿತ್ತು. ಹದಿನಾಲ್ಕು ವರ್ಷ ಆ ಯಂತ್ರದ ಹಾಳೆ ತಿದ್ದಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕೀಲಿಯ ಸರಳನ್ನು ನಾನೇ ಸರಿಮಾಡಿ ಮತ್ತೊಂದು ಹಾಳೆ ಕಳಿಸಿದೆ. ಅವನು ಒಪ್ಪಿ ಡಿ.ಡಿ. ಕಳಿಸಿದ.

ಆ ಯಂತ್ರವನ್ನು ಕಟ್ಟಿದಷ್ಟು ಜತನದಿಂದ ನಾನು ಮತ್ತೇನನ್ನೂ ಕಟ್ಟಿಲ್ಲ. ಕ್ಯಾರೇಜು ಅಲ್ಲಾಡದಂತೆ ಎರಡೂ ಕಡೆ ಮರದ ಚಿಕ್ಕ ಬೆಣೆ ಸಿಕ್ಕಿಸಿ, ಸುತ್ತ ಹತ್ತಿ ತುಂಬಿ, ಮರದ ಪೆಟ್ಟಿಗೆಯಲ್ಲಿಟ್ಟೆ. ತೆರೆದ ಕೂಡಲೇ ಬೆಣೆ ತೆಗೆಯಬೇಕು ಎಂದು ಹಾಳೆಯ ಮೇಲೆ ಟೈಪು ಮಾಡಿ ಮೇಲೆಯೇ ಇಟ್ಟೆ. ಲಾರಿ ಪಾರ್ಸಲ್ಲಿನಲ್ಲಿ ಹೋಯಿತು.

ಎರಡು ವಾರದ ನಂತರ ಹರಾಜಿನ ಜಾಲತಾಣದಲ್ಲಿ ನನ್ನ ಅಡ್ಡಹೆಸರಿನ ಮುಂದೆ ಒಂದು ಕೆಂಪು ಗುರುತು ಕಾಣಿಸಿತು. ಒತ್ತಿ ನೋಡಿದೆ. ಯಂತ್ರ ಕೆಟ್ಟಿದೆ, ಕ್ಯಾರೇಜು ಚಲಿಸುವುದಿಲ್ಲ, ಈ ಮಾರಾಟಗಾರರನ್ನು ನಂಬಬೇಡಿ. ಎಲ್ಲರಿಗೂ ಕಾಣುವಂತೆ ಅವನು ಬರೆದಿದ್ದ ಮೂರು ಮಾತು. ಪಕ್ಕದ ಕಂಪ್ಯೂಟರಿನಲ್ಲಿ ಕೂತವರು ಓದುತ್ತಾರೇನೋ ಎಂದು ನಾನು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಎಷ್ಟೋ ಜನರ ಹಾಳೆಗಳ ಮೇಲೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ನನ್ನ ಮೇಲೆ ಯಾರೂ ಹಾಕಿರಲಿಲ್ಲ.

ಯಂತ್ರ ವಾಪಸು ಬಂತು. ಪಾರ್ಸಲ್ ಆಫೀಸಿನಿಂದ ತಂದು, ಗಂಡನ ಎದುರಿಗೇ ಪೆಟ್ಟಿಗೆ ಬಿಚ್ಚಿದೆ. ಬೆಣೆಗಳು ನಾನು ಸಿಕ್ಕಿಸಿದಲ್ಲೇ ಇದ್ದವು. ಟೈಪು ಮಾಡಿದ ಸೂಚನೆ ಮಡಚಿದ್ದು ಮಡಚಿದಂತೆಯೇ ಹತ್ತಿಯ ಮೇಲಿತ್ತು. ಬೆಣೆ ತೆಗೆದು ಕೀಲಿ ಒತ್ತಿದೆ, ಕ್ಯಾರೇಜು ಸರಾಗವಾಗಿ ಓಡಿತು. ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಆ ಮನುಷ್ಯನಿಗೆ ಬರೆದೆ. ಹತ್ತು ದಿನದ ಮೇಲೆ ಒಂದು ಸಾಲಿನ ಉತ್ತರ ಬಂತು: ತನ್ನ ಗಮನಕ್ಕೆ ಬಾರದೆ ಹೋಯಿತು, ಕ್ಷಮಿಸಬೇಕು, ಆದರೆ ಬರೆದ ಮಾತನ್ನು ಅಳಿಸಲು ಕಂಪನಿಯ ನಿಯಮದಲ್ಲಿ ಅವಕಾಶವಿಲ್ಲ. ಅವನ ಡಿ.ಡಿ. ಹಣವನ್ನು ಅಷ್ಟು ಹೊತ್ತಿಗೆ ಹಿಂದಿರುಗಿಸಿದ್ದೆ. ಕೆಂಪು ಗುರುತು ಉಳಿಯಿತು, ಮುಂದೆ ನಾನಿಟ್ಟ ಇಂಗ್ಲಿಷ್ ಯಂತ್ರಗಳಿಗೆ ಯಾರೂ ಬಿಡ್ಡು ಮಾಡಲಿಲ್ಲ.

ಆ ವೇಳೆಗೆ ನನಗೆ ಬೇಸರ ಬಂದಿತ್ತು. ಕನ್ನಡದ ಯಂತ್ರವೊಂದನ್ನು ಮಾತ್ರ ಕೊನೆಯದಾಗಿ ಇಟ್ಟು ನೋಡೋಣ ಎಂದುಕೊಂಡೆ. ಕನ್ನಡ ಯಂತ್ರ ಎಂಬುದನ್ನೂ ಅಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾಗಿತ್ತು. ಹತ್ತು ದಿನ ಸುಮ್ಮನಿತ್ತು. ಹನ್ನೊಂದನೇ ದಿನ ಒಂದು ಪ್ರಶ್ನೆ ಬಂತು. ಪ್ರಶ್ನೆಯಲ್ಲ, ಕಾಗದವೇ. ಮಾನ್ಯರೇ ಎಂದು ಶುರುವಾಗಿ ತಮ್ಮ ವಿಧೇಯ ಎಂದು ಮುಗಿಯುವ, ಶಾಲೆಯ ಪುಸ್ತಕದಿಂದ ಎತ್ತಿದಂಥ ಶುದ್ಧ ಇಂಗ್ಲಿಷು. ಒತ್ತಕ್ಷರದ ಕೀಲಿಗಳು ಎಲ್ಲವೂ ಸುಸ್ಥಿತಿಯಲ್ಲಿವೆಯೇ, ಕೀಲಿ ಒತ್ತಲು ಎಷ್ಟು ಬಲ ಬೇಕು ಎಂದು ಕೇಳಿದ್ದರು. ಬರೆದವರ ಊರು ಬೆಂಗಳೂರು ಎಂದು ತೋರಿಸುತ್ತಿತ್ತು. ನಾನೂ ಅಷ್ಟೇ ಮರ್ಯಾದೆಯ ಇಂಗ್ಲಿಷಿನಲ್ಲಿ, ನಡುನಡುವೆ ಡಿಕ್ಷನರಿ ನೋಡುತ್ತಾ ಉತ್ತರಿಸಿದೆ. ಒತ್ತಕ್ಷರಗಳನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಸಾಕುಸಾಕಾಯಿತು. ಹೀಗೆ ಎರಡು ವಾರ ಪತ್ರಗಳು ಓಡಾಡಿದವು. ನನ್ನ ಕೆಂಪು ಗುರುತಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

ಹರಾಜು ಮುಗಿಯಿತು, ಬಿಡ್ಡು ಮಾಡಿದವರು ಅವರೊಬ್ಬರೇ. ಯಂತ್ರ ಕಳಿಸಲು ವಿಳಾಸ ಬಂತು: ನಂದಿಗುಡಿ, ಹರಿಹರ ತಾಲ್ಲೂಕು. ಹರಿಹರದ ಬಸ್ ನಿಲ್ದಾಣದ ಹತ್ತಿರ ತಮ್ಮ ಮಗಳ ಡಿ.ಟಿ.ಪಿ. ಅಂಗಡಿ ಇದೆ, ಅಲ್ಲಿಗೆ ಕಳಿಸಿದರೂ ಆದೀತು. ನಾನು ಪರದೆಯನ್ನು ಎರಡು ಸಲ ಓದಿದೆ. ಕೆಫೆಯವನನ್ನು ಕರೆದು ಅವನಿಂದಲೂ ಓದಿಸಿದೆ. ನನ್ನ ಗಂಡ ದಿನಾ ಬುತ್ತಿ ಕಟ್ಟಿಕೊಂಡು ಹೋಗಿಬರುವ ಊರು ಹರಿಹರ. ಪಾರ್ಸಲ್ ಬೇಡ, ಭಾನುವಾರ ಖುದ್ದಾಗಿ ತರುತ್ತೇನೆ ಎಂದು ಬರೆದೆ.

ಭಾನುವಾರ ಗಂಡನೂ ನಾನೂ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಹರಿಹರದ ಬಸ್ಸು ಹತ್ತಿದೆವು. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದ. ದಾರಿಯ ನಡುವಿನ ಬಾತಿ ಊರು ದಾಟುವಷ್ಟರಲ್ಲಿ ಅದರ ಭಾರಕ್ಕೆ ನನ್ನ ತೊಡೆ ಜೋಮು ಹಿಡಿದಿತ್ತು. ಅಂಗಡಿ ಸುಲಭವಾಗಿ ಸಿಕ್ಕಿತು. ಎರಡು ಕಂಪ್ಯೂಟರು, ಲಗ್ನಪತ್ರಿಕೆಗಳ ಮಾದರಿ ತೂಗುಹಾಕಿದ ಗೋಡೆ, ಮೂವತ್ತರ ಆಸುಪಾಸಿನ ಮಗಳು, ಮೂಲೆಯ ಕುರ್ಚಿಯಲ್ಲಿ ಬಿಳಿ ಅಂಗಿಯ ಹಿರಿಯರು. ವಿಭೂತಿ ಹಚ್ಚಿದ ಹಣೆ. ಎದ್ದು ನಿಂತು ಬಾಗಿಲ ಕಡೆ, ನನ್ನ ಗಂಡನ ಕಡೆ ನೋಡಿ ಕೈಮುಗಿದರು. ಇಷ್ಟು ದಿನ ಅವರು ಬರೆದದ್ದು ಯಾರೋ ಗಂಡಸಿಗೆ ಎಂದುಕೊಂಡಿದ್ದರು. ಆ ಪತ್ರಗಳನ್ನು ಬರೆದವಳು ನಾನು ಎಂದು ಗಂಡ ತೋರಿಸಿದ ಮೇಲೆ ಸ್ವಲ್ಪ ಗಲಿಬಿಲಿಗೊಂಡರು.

"ಬರ್ರಿ ತಾಯಿ, ಕೂಡ್ರಿ. ಬೆಂಗಳೂರಿಂದ ಎಷ್ಟೊತ್ತಿಗೆ ಬಿಟ್ರಿ?"

"ಬೆಂಗಳೂರಲ್ಲ ಮೇಷ್ಟ್ರೆ, ದಾವಣಗೆರೆ. ಒಂಬತ್ತೂವರೆ ಬಸ್ಸಿಗೆ ಬಿಟ್ವಿ," ಎಂದೆ. ಅವರ ಮಾತಿನ ರೀತಿಯಿಂದಲೇ ಮೇಷ್ಟ್ರು ಎಂದು ನನಗೆ ಗೊತ್ತಾಗಿತ್ತು.

ಅವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. "ಎರಡು ವಾರ ಇಂಗ್ಲಿಷಿನಾಗ ಬರ್ಸಿದೆನಲ್ಲವ್ವ ನಾನು," ಎಂದು ಮೆಲ್ಲಗೆ ನಕ್ಕರು. "ಗೊತ್ತಿದ್ರೆ ಬಸ್ ಹತ್ತಿ ಬಂದುಬಿಡ್ತಿದ್ದೆ." ಪಟ್ಟಿಯಲ್ಲಿ ಹರಿಹರವೂ ಇರಲಿಲ್ಲವಂತೆ. ಮಗಳೂ ಬೆಂಗಳೂರನ್ನೇ ಒತ್ತಿದ್ದಳು.

ಮಗಳು ಯಂತ್ರದ ಹಣ ಎಣಿಸಿಕೊಟ್ಟಳು. ಚಹಾ ಬಂತು. ಮಗಳು ಅವರ ಲೋಟವನ್ನು ಅರ್ಧ ಮಾತ್ರ ತುಂಬಿಸಿದ್ದಳು. ಅವರು ಎರಡೂ ಕೈಯಿಂದ ಎತ್ತಿಕೊಂಡಾಗ ಕಾರಣ ತಿಳಿಯಿತು. ಕೈಗಳು ನಿಲ್ಲದೆ ನಡುಗುತ್ತಿದ್ದವು. ನಂದಿಗುಡಿಯ ಸುತ್ತಮುತ್ತ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಊರಿನವರ ಅರ್ಜಿಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು. ಕರೆಂಟಿನ ಕನೆಕ್ಷನ್ನು, ಪಹಣಿ ತಿದ್ದುಪಡಿ, ವಿಧವಾ ವೇತನ. ಮೂರು ವರ್ಷದಿಂದ ಬಲಗೈ ನಡುಗತೊಡಗಿ, ಆಮೇಲೆ ಎಡಗೈಯೂ ಹಿಡಿತ ತಪ್ಪಿತು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಡಿಗೆ ಸುಧಾರಿಸಿತ್ತು, ಬರವಣಿಗೆ ಮಾತ್ರ ಸುಧಾರಿಸಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರು ಬರೆದುಕೊಟ್ಟ ಒಬ್ಬ ಮುದುಕಿಯ ವಿಧವಾ ವೇತನದ ಅರ್ಜಿಯನ್ನು, ಓದಲಾಗುವುದಿಲ್ಲ ಎಂದು ಕಚೇರಿಯಲ್ಲಿ ಹಿಂದಿರುಗಿಸಿದ್ದರು.

"ಆಕಿ ವಾಪಸ್ ತಂದು ನನ್ನ ಮುಂದೆ ಇಟ್ಲು," ಎಂದರು. "ನಾನೇ ಓದಕ್ಕೆ ನೋಡ್ದೆ. ನಂಗೂ ಆಗ್ಲಿಲ್ಲ."

ಮಗಳು ತಾನೇ ಕಂಪ್ಯೂಟರಿನಲ್ಲಿ ಹೊಡೆದುಕೊಡುತ್ತೇನೆ ಎಂದಿದ್ದಳಂತೆ. ಜನ ಬರುವುದು ನಂದಿಗುಡಿಯ ತನ್ನ ಜಗಲಿಗೆ, ಹರಿಹರಕ್ಕಲ್ಲ ಎಂಬುದು ಅವರ ವಾದ.

ಯಂತ್ರವನ್ನು ಮೇಜಿನ ಮೇಲಿಟ್ಟೆ. ಹಾಳೆ ತೊಡಿಸಿದೆ. ಅವರು ಕುರ್ಚಿ ಎಳೆದುಕೊಂಡು ಒಂದು ಕೀಲಿಯ ಮೇಲೆ ಬೆರಳಿಟ್ಟರು. ಬೆರಳು ನಡುಗಿ ಪಕ್ಕದ ಎರಡು ಕೀಲಿಗಳನ್ನೂ ತಾಗಿತು. ಅಚ್ಚಿನ ಕಡ್ಡಿಗಳು ಮೂರೂ ಎದ್ದು ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಿಕೊಟ್ಟೆ. ಮತ್ತೆ ಹಾಗೇ ಆಯಿತು. ನಾಲ್ಕನೇ ಸಲಕ್ಕೆ ಅವರು ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡರು.

ಯಂತ್ರ ನಾನು ಒಯ್ಯುತ್ತೇನೆ, ನಿಮ್ಮ ಹಣ ಈಗಲೇ ಕೊಡುತ್ತೇನೆ ಎಂದೆ.

"ವಾಪಸ್ ಬ್ಯಾಡ," ಎಂದರು. "ಇದನ್ನ ಕಲಿಯಾಕೆ ಎಷ್ಟು ದಿನ ಬೇಕು ಹೇಳ್ರಿ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅದೇ ಯೋಚನೆ. ಕಲಿಸುವುದಾದರೂ ಹೇಗೆ? ತಪ್ಪು ಬೆರಳು ಹಾಕುವವರನ್ನು ತಿದ್ದಿದ್ದೆ, ನಡುಗುವ ಬೆರಳನ್ನಲ್ಲ. ನನ್ನ ಗಂಡ ಕಿಟಕಿಯಾಚೆ ನೋಡುತ್ತಾ ಕೂತಿದ್ದವರು, "ನಮ್ಮ ಕಾರ್ಖಾನೆಯಾಗ ಮಷಿನ್ನಿಗೆ ಗಾರ್ಡ್ ಹಾಕ್ತೀವಿ, ಕೈ ತಪ್ಪಿ ಬ್ಯಾರೆ ಕಡೆ ಹೋಗಬಾರ್ದು ಅಂತ," ಎಂದರು. ನನಗೆ ಅಷ್ಟು ಸಾಕಾಯಿತು.

ಕ್ಲಾಸಿನಲ್ಲಿ ಉಳಿದಿದ್ದ ಇನ್ನೊಂದು ಕನ್ನಡ ಯಂತ್ರ ಅದೇ ಮಾದರಿಯದು. ಅದರ ಕೀಲಿಗಳ ಮೇಲೆ ಕಾರ್ಬನ್ ಹಾಳೆ ಹಾಸಿ, ಮೇಲೆ ರಟ್ಟಿಟ್ಟು ಒತ್ತಿ, ಎಲ್ಲ ಕೀಲಿಗಳ ಗುರುತು ಮೂಡಿಸಿದೆ. ಆ ರಟ್ಟನ್ನು ನಮ್ಮ ಓಣಿಯ ಬಡಗಿಗೆ ಕೊಟ್ಟು, ತೆಳು ಪ್ಲೈವುಡ್ಡಿನಲ್ಲಿ ಪ್ರತಿ ಕೀಲಿಗೂ ಒಂದು ತೂತು ಬರುವಂತೆ ಹಲಗೆ ಮಾಡಿಸಿದೆ. ಮೊದಲು ಮಾಡಿದ್ದರಲ್ಲಿ ತೂತು ಕಿರಿದಾಗಿ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದು ಸರಿಹೋಯಿತು. ಅಂಚುಗಳನ್ನು ನಾನೇ ಉಜ್ಜುಕಾಗದದಿಂದ ತಿಕ್ಕಿದೆ. ಹಲಗೆ ಕೀಲಿಗಳಿಗಿಂತ ಅರ್ಧ ಇಂಚು ಮೇಲೆ ನಿಲ್ಲುವಂತೆ ನಾಲ್ಕು ಕಾಲು ಕೂರಿಸಿದ್ದ ಬಡಗಿ. ಕೈಯನ್ನು ಅದರ ಮೇಲೆ ಊರಿಟ್ಟು, ತೂತಿನೊಳಗೆ ಬೆರಳಿಳಿಸಿದರೆ ಒಂದೇ ಕೀಲಿಗೆ ತಾಗುತ್ತದೆ.

ಮುಂದಿನ ಭಾನುವಾರ ಒಬ್ಬಳೇ ಹೋದೆ. ಮೇಷ್ಟ್ರು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದನ್ನು ಯಂತ್ರದ ಮೇಲೆ ಕೂರಿಸಿ, ಅವರ ಮಣಿಕಟ್ಟನ್ನು ಹಿಡಿದು ಊರಿಸಿದೆ. ನಡುಕ ನಿಲ್ಲಲಿಲ್ಲ, ಆದರೆ ಹಲಗೆಯ ಮೇಲೆ ಅದರ ಆಟ ನಡೆಯಲಿಲ್ಲ. ಬೆರಳು ತೂತು ಹುಡುಕಿಕೊಂಡು ಇಳಿಯಿತು. ಒಂದು ಅಕ್ಷರ ಬಿತ್ತು, ಸ್ಪಷ್ಟವಾಗಿ. ಮಗಳು ಅಂಗಡಿಗೆ ಬಂದ ಗಿರಾಕಿಯನ್ನು ಕಾಯಲು ಹೇಳಿ ಬಂದು ಹಿಂದೆ ನಿಂತಳು. ಅವರು ತಮ್ಮ ಹೆಸರನ್ನು ಹೊಡೆಯುತ್ತಾರೆ ಎಂದುಕೊಂಡೆ, ಹೊಸಬರೆಲ್ಲ ಮೊದಲು ಅದನ್ನೇ ಹೊಡೆಯುವುದು. ಅವರು ಹೊಡೆದದ್ದು 'ಇವರಿಗೆ, ತಹಶೀಲ್ದಾರರು, ಹರಿಹರ ತಾಲ್ಲೂಕು' ಎಂದು. ಅಷ್ಟಕ್ಕೆ ಕಾಲು ಗಂಟೆ ಹಿಡಿಯಿತು. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ತಡ ಆಗ್ತೈತೆ," ಎಂದರು. "ಆದ್ರೂ ಓದಾಕೆ ಬರ್ತೈತೆ."

ಆಮೇಲೆ ಆರು ಭಾನುವಾರ ಹೋಗಿ ಕಲಿಸಿದೆ. ಅವರು ಫೀಸು ಕೊಡಲು ಬಂದಾಗ ಬೇಡ ಎಂದೆ. ಅದಕ್ಕೆ ಅವರು ಒಪ್ಪದೆ ಪ್ರತಿ ಸಲ ಗದ್ದೆಯ ಅಕ್ಕಿಯನ್ನೋ ಅವರೆಕಾಯಿಯನ್ನೋ ಚೀಲಕ್ಕೆ ಹಾಕಿಸುತ್ತಿದ್ದರು. ಜಾಲತಾಣದಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಬರೆಯಲು ಮಗಳು ಎರಡು ಸಲ ಪ್ರಯತ್ನಿಸಿದಳು. ಒಮ್ಮೆ ಲೈನು ಕಡಿಯಿತು. ಇನ್ನೊಮ್ಮೆ ಹೊತ್ತು ಮೀರಿದೆ, ಇನ್ನು ಬರೆಯುವಂತಿಲ್ಲ ಎಂಬ ಉತ್ತರ ಬಂತು. ಇರಲಿ ಬಿಡವ್ವ ಎಂದೆ. ಆ ಪುಟವನ್ನು ತೆರೆದು ನೋಡುವುದನ್ನು ನಾನೇ ಬಿಟ್ಟಿದ್ದೆ.

ಉಳಿದ ಯಂತ್ರಗಳಲ್ಲಿ ಮೂರನ್ನು ಕೋರ್ಟಿನ ಮುಂದೆ ಕೂತು ಟೈಪು ಮಾಡುವವರು ಕೊಂಡರು. ಎರಡನೇ ಕನ್ನಡ ಯಂತ್ರವನ್ನು ಬಿಡಿಭಾಗಕ್ಕೆ ಬೇಕಾದೀತೆಂದು ಮೇಷ್ಟ್ರಿಗೇ ಕೊಟ್ಟೆ. ಮಿಕ್ಕವನ್ನು ಗುಜರಿಯವನು ಬಂದು ಒಯ್ದ. ಅವನು ತೂಗುವಾಗ ನಾನು ಕೆಳಗೆ ಕಾಳಿನ ಅಂಗಡಿಯವರ ಜತೆ ಮಾತಾಡುತ್ತಾ ನಿಂತಿದ್ದೆ. ಮಹಡಿಯ ಬೀಗದ ಕೈ ಅವರಿಗೆ ಒಪ್ಪಿಸಿ ಮನೆಗೆ ಬಂದೆ. ಮುಂದಿನ ವರ್ಷ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುವ ಕೆಲಸಕ್ಕೆ ಸೇರಿದೆ.

ಸೇರುವ ಮುಂಚೆ ಒಂದು ಸಲ ನಂದಿಗುಡಿಗೆ ಹೋಗಿದ್ದೆ. ಹರಿಹರದಲ್ಲಿ ಬಸ್ಸು ಬದಲಿಸಿ, ನಾಟಿ ಮುಗಿದ ಗದ್ದೆಗಳ ನಡುವೆ ಹಾದು ಊರು ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುದುಕಿಯ ಅರ್ಜಿಯನ್ನು ಕಚೇರಿಯಲ್ಲಿ ಈ ಸಲ ತೆಗೆದುಕೊಂಡಿದ್ದರು, ವೇತನ ಇನ್ನೂ ಮಂಜೂರಾಗಿರಲಿಲ್ಲ. ಮೇಷ್ಟ್ರ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು, ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಯಾರಿಗೂ ಅವಸರ ಇದ್ದಂತಿರಲಿಲ್ಲ. ಒಬ್ಬಳು ಮಡಿಲಲ್ಲಿ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಒಳಗಿನಿಂದ ಒಂದೊಂದೇ ಅಕ್ಷರ ಬೀಳುವ ಸದ್ದು ಕೇಳುತ್ತಿತ್ತು. ನಾನು ಬಾಗಿಲಲ್ಲಿ ನಿಂತದ್ದನ್ನು ಮೇಷ್ಟ್ರು ನೋಡಿದರು, ಕೈ ಮಾತ್ರ ಹಲಗೆಯಿಂದ ತೆಗೆಯಲಿಲ್ಲ.

"ಕೂಡ್ರಿ ತಾಯಿ," ಎಂದರು. "ಇನ್ನೊಂದು ಸಾಲು ಐತೆ."

ಕಡಲೆಕಾಯಿಯವಳು ಸರಿದು ಜಾಗ ಮಾಡಿಕೊಟ್ಟಳು. ನಾನು ಅವಳ ಪಕ್ಕದಲ್ಲಿ ಕೂತೆ.